ಕಾಣೆಯಾದ ಪುಸ್ತಕಗಳ ಪಟ್ಟಿ: ಒಂದು ಕಾಲೇಜು ಗ್ರಂಥಾಲಯದ ಪ್ರಕರಣ

ಇದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ನಡೆದದ್ದು. ಕಾಲೇಜಿನ, ಜನರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಲೆಕ್ಕಗಳನ್ನು ಅಂದಾಜಿನಲ್ಲೇ ಕೊಟ್ಟಿದ್ದೇನೆ. ಪುಸ್ತಕಗಳನ್ನು ಎಣಿಸಿ ತಾಳೆ ನೋಡುವ ಸ್ಟಾಕ್ ವೆರಿಫಿಕೇಶನ್ ಸಮಿತಿಗೆ ಹೊರಗಿನ ಸದಸ್ಯನಾಗಿ ಹೋಗಿದ್ದರಿಂದ ಕಡತಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಬರೆಯಲು ಅಲ್ಲಿನ ಗ್ರಂಥಪಾಲಕಿಯ ಒಪ್ಪಿಗೆ ಇದೆ. ಪುಸ್ತಕ ಕಳ್ಳತನ ಎಂದ ಕೂಡಲೇ ಸಿಸಿಟಿವಿ, ಗೇಟು, ಬೀಗದ ಮಾತು ಶುರುವಾಗುವ ಸಭೆಗಳಿಗೆ ಈ ಪ್ರಕರಣ ಉಪಯೋಗಕ್ಕೆ ಬಂದೀತು.

ಹಿನ್ನೆಲೆ

1960ರ ದಶಕದಲ್ಲಿ ಊರಿನ ವರ್ತಕರು, ವಕೀಲರು ಸೇರಿ ಕಟ್ಟಿದ ಕಾಲೇಜು. ಗ್ರಂಥಾಲಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳು. ಬಹುಪಾಲು ಪಠ್ಯ, ಪರಾಮರ್ಶನ ಗ್ರಂಥಗಳು, ಕಾದಂಬರಿಗಳು. ಜೊತೆಗೆ, ಹಳೆಯ ಮನೆತನಗಳವರು ಮತ್ತು ನಿವೃತ್ತ ಮೇಷ್ಟ್ರುಗಳು ದಾನ ಕೊಟ್ಟ ಒಂದು ಸಂಗ್ರಹ ಮಹಡಿಯ ಮರದ ಬೀರುಗಳಲ್ಲಿತ್ತು. ಬಿ. ಎಲ್. ರೈಸ್ ಕಾಲದ, ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಒಂದು ಪ್ರತಿ, ಹಳೆಯ ಗೆಜೆಟಿಯರ್‌ಗಳು, ಬೈಂಡು ಮಾಡಿಸಿಟ್ಟ ಸಾಹಿತ್ಯ ಪತ್ರಿಕೆಗಳು. ಇಷ್ಟು ಚಿಕ್ಕ ಕಾಲೇಜಿನಲ್ಲಿ ಇಂಥದ್ದು ಇದೆ ಎಂದು ಜಿಲ್ಲೆಯ ಸಂಶೋಧಕರಿಗೆ ಗೊತ್ತಿತ್ತು, ಕಾಲೇಜಿನ ಆಡಳಿತ ಮಂಡಳಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ಕಪಾಟುಗಳು ಮೊದಲಿನಿಂದಲೂ ತೆರೆದೇ ಇದ್ದವು. ವಿದ್ಯಾರ್ಥಿ ತಾನೇ ಒಳಗೆ ಹೋಗಿ ಹುಡುಕಿ, ಎರಡು ಪುಟ ತಿರುವಿ, ಬೇಕಾದ್ದನ್ನು ಕೌಂಟರಿಗೆ ತರಬಹುದಿತ್ತು. ಕಾರ್ಡು-ಪಾಕೆಟ್ಟಿನ ಹಳೆಯ ಪದ್ಧತಿಯಿಂದ ಕಂಪ್ಯೂಟರಿಗೆ ಬದಲಾಗುವ ಕೆಲಸ ಅರ್ಧಕ್ಕೆ ನಿಂತಿತ್ತು: ಹೊಸ ಪುಸ್ತಕಗಳು ಸಾಫ್ಟ್‌ವೇರಿನಲ್ಲಿ, ಹಳೆಯವು ಅಕ್ಸೆಶನ್ ರಿಜಿಸ್ಟರಿನಲ್ಲಿ (ಬಂದ ಒಂದೊಂದು ಪುಸ್ತಕಕ್ಕೂ ನಂಬರು ಕೊಟ್ಟು ಬರೆದಿಡುವ ದಾಖಲೆ), ನಡುವಿನ ಕೆಲವು ವರ್ಷದವು ಎರಡರಲ್ಲೂ, ಇನ್ನು ಕೆಲವು ಎರಡರಲ್ಲೂ ಇಲ್ಲ. ಸಹಾಯಕರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿರಲಿಲ್ಲ. ಉಳಿದದ್ದು ಒಬ್ಬ ಗ್ರಂಥಪಾಲಕರು, ಒಬ್ಬ ಅಟೆಂಡರ್.

ಗ್ರಂಥಪಾಲಕರು ನಿವೃತ್ತರಾಗುವ ಹೊತ್ತಿಗೆ ವಿಷಯ ಹೊರಬಿತ್ತು. ಅವರ ಜಾಗಕ್ಕೆ ಬಂದ ಗ್ರಂಥಪಾಲಕಿ, ಇಷ್ಟು ಪುಸ್ತಕ ವಹಿಸಿಕೊಂಡೆ ಎನ್ನುವ ಚಾರ್ಜ್ ಪಟ್ಟಿಗೆ ಸಹಿ ಹಾಕಲು ಒಪ್ಪಲಿಲ್ಲ.

“ಮೇಡಂ, ಇಷ್ಟು ವರ್ಷ ಯಾರೂ ಕೇಳಿಲ್ಲ, ಸಹಿ ಮಾಡಿ, ಆಮೇಲೆ ನಿಧಾನಕ್ಕೆ ನೋಡ್ಕೊಳ್ಳೋಣ” ಎಂದರು ಪ್ರಿನ್ಸಿಪಾಲರು.

“ಸರ್, ಎಣಿಸಿ ಕೊಟ್ರೆ ಎಣಿಸಿ ತಗೋತೀನಿ. ಇಲ್ಲಾಂದ್ರೆ ನಾಳೆ ನನ್ನ ಸಂಬಳದಲ್ಲಿ ಹಿಡೀತಾರೆ.”

ಸಂಬಳದ ಮಾತು ಆಕೆ ಸುಮ್ಮನೆ ಆಡಿದ್ದಲ್ಲ. ಕಾಣೆಯಾದ ಪುಸ್ತಕದ ದುಡ್ಡನ್ನು ಗ್ರಂಥಪಾಲಕರಿಂದ ವಸೂಲು ಮಾಡುತ್ತಾರೆ, ನೋ ಡ್ಯೂ, ಅಂದರೆ ಬಾಕಿ ಇಲ್ಲ ಎಂಬ ಪತ್ರ, ಕೊಡದೆ ಪಿಂಚಣಿ ಕಾಗದ ತಡೆಯುತ್ತಾರೆ ಎಂಬ ಹೆದರಿಕೆ ನಮ್ಮ ವೃತ್ತಿಯಲ್ಲಿ ತಲೆಮಾರುಗಳಿಂದ ಬಂದದ್ದು. ಎಷ್ಟೋ ಕಡೆ ಗಾಜಿನ ಬೀರುಗಳಿಗೆ ಬೀಗ ಬಿದ್ದಿರುವುದು ಓದುಗರ ಮೇಲಿನ ಅನುಮಾನಕ್ಕಿಂತ ಈ ಹೆದರಿಕೆಯಿಂದ. ನನ್ನ ಮಟ್ಟಿಗೆ ಇಡೀ ಪ್ರಕರಣದ ಬೇರು ಇಲ್ಲಿದೆ, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಎಣಿಕೆ, ಆಮೇಲೆ ಬೀಗ

ಸಮಿತಿ ಕೂತು ರಿಜಿಸ್ಟರಿನ ಒಂದೊಂದು ನಂಬರಿಗೂ ಪುಸ್ತಕ ಹುಡುಕಿತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಯಾರೂ ಮಾಡದೇ ಇದ್ದ ಕೆಲಸ. ಕೊನೆಗೆ ಸುಮಾರು ಇಪ್ಪತ್ತಕ್ಕೆ ಒಂದರಂತೆ ಪುಸ್ತಕ ಸಿಗಲಿಲ್ಲ. ಪಟ್ಟಿ ಆಡಳಿತ ಮಂಡಳಿಯ ಮುಂದೆ ಹೋದ ದಿನವೇ ಅದಕ್ಕೆ “ಕಳುವಾದ ಪುಸ್ತಕಗಳು” ಎಂದು ಹೆಸರು ಬಿತ್ತು. ಸಮಿತಿಯ ವರದಿಯಲ್ಲಿ ಇದ್ದದ್ದು “ಪರಿಶೀಲನೆ ವೇಳೆ ಲಭ್ಯವಾಗದ ಪುಸ್ತಕಗಳು” ಎಂದು. ನಡಾವಳಿ ಬರೆಯುವಾಗ ಅದು ಬದಲಾಯಿತು, ಆ ಬದಲಾವಣೆಯೇ ಮುಂದಿನ ತೀರ್ಮಾನವನ್ನೂ ತಂದಿತು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸಮಯ ಹತ್ತಿರವಿತ್ತು. ಮಂಡಳಿ ಬೇಗ ಏನಾದರೂ ಮಾಡಿ ತೋರಿಸಬೇಕಿತ್ತು. ಕಪಾಟುಗಳ ಕೋಣೆಗೆ ಕಬ್ಬಿಣದ ಗ್ರಿಲ್ ಬಂತು. ಬಾಗಿಲಿಗೊಂದು, ಓದುವ ಹಾಲಿಗೊಂದು ಕ್ಯಾಮರಾ ಬಂತು. ವಿದ್ಯಾರ್ಥಿಗಳು ಇನ್ನು ಮುಂದೆ ಚೀಟಿಯಲ್ಲಿ ಪುಸ್ತಕದ ಹೆಸರು, ಕಪಾಟಿನಲ್ಲಿ ಅದರ ಜಾಗ ಹೇಳುವ ಕರೆ ಸಂಖ್ಯೆ ಬರೆದು ಕೊಡಬೇಕು, ಅಟೆಂಡರ್ ಒಳಗಿಂದ ತಂದು ಕೊಡಬೇಕು. ಗ್ರಂಥಪಾಲಕಿ ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದರು. ಹೊಸಬರು, ಬೇಡ ಎಂದರೆ ಮುಂದಿನ ನಷ್ಟ ತಮ್ಮ ತಲೆಗೆ ಬರುತ್ತದೆ.

ಚೀಟಿ ಪದ್ಧತಿಯನ್ನು ನಾನು ಹತ್ತಿರದಿಂದ ನೋಡಿದ್ದು ಒಂದು ಮಧ್ಯಾಹ್ನ. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಚೀಟಿ ಹಿಡಿದು ನಿಂತಿದ್ದಳು. ಅವಳಿಗೆ ಬೇಕಾಗಿದ್ದು ವಚನ ಸಾಹಿತ್ಯದ ಮೇಲಿನ “ಯಾವುದಾದರೂ ಒಳ್ಳೆ ಪುಸ್ತಕ”. ಚೀಟಿಯಲ್ಲಿ ಲೇಖಕ, ಕರೆ ಸಂಖ್ಯೆ ಎಂಬ ಖಾನೆಗಳಿದ್ದವು. “ಯಾವ ಪುಸ್ತಕ ಅಂತ ಬರೀಬೇಕಮ್ಮ” ಎಂದರು ಅಟೆಂಡರ್. “ನೋಡಿದ್ರೆ ಗೊತ್ತಾಗತ್ತೆ ಸಾರ್” ಎಂದಳು ಅವಳು. ಸ್ವಲ್ಪ ಹೊತ್ತು ನಿಂತು, ಚೀಟಿಯನ್ನು ಅಲ್ಲೇ ಇಟ್ಟು ಹೋದಳು. ಕನ್ನಡ ಸಾಹಿತ್ಯದ ಸಂಖ್ಯೆಯಾದ 894.814ರ ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನುಗಳನ್ನು ಓದುತ್ತ ಹೋಗಿದ್ದರೆ ಅವಳಿಗೆ ಎರಡೇ ನಿಮಿಷ ಸಾಕಿತ್ತು. 1931ರಲ್ಲಿ ಎಸ್. ಆರ್. ರಂಗನಾಥನ್ ಹೇಳಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಿ ಎನ್ನುತ್ತದೆ. ಆ ಐದೂ ಸೂತ್ರಗಳು ಅದೇ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿದ್ದವು. ನ್ಯಾಕ್ ತಂಡಕ್ಕೆಂದು ಹಾಕಿಸಿದ್ದು.

ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎರವಲು ಅರ್ಧಕ್ಕೂ ಕೆಳಗೆ ಇಳಿಯಿತು. ಕೆಲವರು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ನೋಟ್ಸಿಗೆ ಹೋದರು, ಕೆಲವರು ಮೊಬೈಲಿನ ಪಿಡಿಎಫ್‌ಗೆ. ಕಥೆ-ಕಾದಂಬರಿ ಓದುವವರಂತೂ ಪೂರ್ತಿ ನಿಂತರು, ಹೆಸರು ಗೊತ್ತಿಲ್ಲದ ಕಾದಂಬರಿಯನ್ನು ಚೀಟಿಯಲ್ಲಿ ಕೇಳುವುದು ಹೇಗೆ?

ಹಾಗಾದರೆ ಕಳ್ಳತನ ನಿಂತಿತೇ? ಪುಸ್ತಕ ಹೊರಗೆ ಹೋಗುವುದು ಕಡಿಮೆಯಾಯಿತು ನಿಜ. ಆದರೆ ಓದುವ ಹಾಲಿಗೆ ಬಂದ ಪುಸ್ತಕಗಳ ಪುಟಗಳು ಹರಿದು ಹೋಗತೊಡಗಿದವು. ಅರ್ಥಶಾಸ್ತ್ರದ ಒಂದು ಪುಸ್ತಕದಲ್ಲಿ ಪಂಚವಾರ್ಷಿಕ ಯೋಜನೆಗಳ ಅಧ್ಯಾಯವೇ ಇರಲಿಲ್ಲ, ಬ್ಲೇಡಿನಲ್ಲಿ ಹೊಲಿಗೆಗೆ ಒತ್ತಿ ಕೊಯ್ದಿದ್ದರು. ಇಡೀ ಪುಸ್ತಕ ಹೋದರೆ ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಕಾಣುತ್ತದೆ. ಅಧ್ಯಾಯ ಹೋದರೆ ಎಣಿಕೆಯಲ್ಲಿ ಪುಸ್ತಕ ಇದ್ದೇ ಇರುತ್ತದೆ. ನನ್ನ ಲೆಕ್ಕದಲ್ಲಿ ಎರಡನೆಯ ನಷ್ಟವೇ ದೊಡ್ಡದು.

ಪಟ್ಟಿಯನ್ನು ಬಿಡಿಸಿ ನೋಡಿದ್ದು

ತಿರುವು ಬಂದದ್ದು ಗ್ರಂಥಪಾಲಕಿ ಬೇಸಿಗೆ ರಜೆಯಲ್ಲಿ ಆ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಾಗ. ಯಾರೂ ಹೇಳಿರಲಿಲ್ಲ. ಒಂದೊಂದು ನಂಬರಿನ ಎದುರಿಗೂ ಇದು ಹೇಗೆ ಹೋಗಿರಬಹುದು ಎಂದು ಪೆನ್ಸಿಲಿನಲ್ಲಿ ಬರೆಯುತ್ತ ಹೋದರು. ಹೋದ ದಾರಿ ಬೇರೆಬೇರೆಯಾದರೆ ಅದನ್ನು ಮುಚ್ಚುವ ಬಗೆಯೂ ಬೇರೆ ಎನ್ನುವುದು ಅವರ ತರ್ಕ.

ಮೊದಲಿಗೆ ಉದುರಿದ್ದು ಕಾಗದದ ಮೇಲಷ್ಟೇ ಇದ್ದ ಪುಸ್ತಕಗಳು. ಹಿಂದೆ ಯಾವಾಗಲೋ ಗೆದ್ದಲು ಹಿಡಿದು ತೆಗೆದುಹಾಕಿದ್ದು, ತೆಗೆದದ್ದಕ್ಕೆ ಮಂಜೂರಾತಿಯೂ ಇದ್ದು, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಲು ಮರೆತದ್ದು. ಹಾಸ್ಟೆಲಿಗೆ ಕಳಿಸಿದ್ದು. ಬೈಂಡಿಂಗಿಗೆ ಹೋಗಿ, ಬೈಂಡರ್ ಅಂಗಡಿ ಮುಚ್ಚಿದ್ದು. ಒಂದೇ ಪುಸ್ತಕಕ್ಕೆ ಎರಡು ನಂಬರು ಬಿದ್ದದ್ದು. ಪಟ್ಟಿಯ ಕಾಲು ಭಾಗಕ್ಕೂ ಹೆಚ್ಚು ಇಲ್ಲೇ ಕರಗಿತು. ಇವನ್ನು ಯಾರೂ ಕದ್ದಿರಲೇ ಇಲ್ಲ.

ಎರಡನೆಯದು ಅಧ್ಯಾಪಕರ ಹೆಸರಿನಲ್ಲಿದ್ದವು. ಇದನ್ನು ಕೊನೆಗೆ ಹೇಳುತ್ತೇನೆ.

ಮೂರನೆಯದು ಗ್ರಂಥಾಲಯದ ಒಳಗೇ ಅಡಗಿದ್ದ ಪುಸ್ತಕಗಳು. ಯಾರೂ ಮುಟ್ಟದ ಹಳೆಯ ಜನಗಣತಿ ವರದಿಗಳ ದಪ್ಪ ಸಾಲು ಒಂದಿದೆ, ಅದನ್ನು ಮುಂದಕ್ಕೆ ಎಳೆದರೆ ಹಿಂದೆ ಒಂದು ಗೇಣು ಜಾಗ. ಅಲ್ಲಿ ಭಾರತದ ಸಂವಿಧಾನ, ಸಾಮಾನ್ಯ ಜ್ಞಾನ, ಎಫ್‌ಡಿಎ-ಎಸ್‌ಡಿಎ ಪರೀಕ್ಷೆಗಳ ಕೈಪಿಡಿಗಳು ಅಡ್ಡಡ್ಡ ಮಲಗಿದ್ದವು. ಒಂದರೊಳಗೆ ಬಸ್ ಟಿಕೆಟಿನ ಗುರುತು, ಇನ್ನೊಂದರೊಳಗೆ ಇಂಥ ಅಧ್ಯಾಯ ಮುಗಿಯಿತು ಎಂದು ಟಿಕ್ ಹಾಕಿದ ಚೀಟಿ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ನಾಳೆ ಬಂದಾಗ ತನಗೇ ಸಿಗಲಿ ಎಂದು ಇಟ್ಟವು. ಗ್ರಿಲ್ ಬಿದ್ದ ದಿನ ಇಟ್ಟವರಿಗೂ ಅವು ತಪ್ಪಿಹೋದವು, ಉಳಿದವರಿಗೆ ಮೊದಲೇ ಇರಲಿಲ್ಲ.

ಇವೆಲ್ಲ ಕಳೆದ ಮೇಲೆ ನಿಜವಾಗಿ ಹೊರಗೆ ಹೋಗಿದ್ದು ಪಟ್ಟಿಯ ಅರ್ಧಕ್ಕಿಂತ ಕಡಿಮೆ. ಅದರಲ್ಲಿ ಎರಡು ಗುಂಪು ಸ್ಪಷ್ಟವಾಗಿ ಕಾಣುತ್ತಿತ್ತು.

ಒಂದು, ಪಠ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ತರಗತಿಗೆ ಎರಡೇ ಪ್ರತಿ ತರಿಸಿದ್ದ ಶೀರ್ಷಿಕೆಗಳಲ್ಲೇ ಹೆಚ್ಚಿನ ನಷ್ಟ. ದಂಡದ ನಿಯಮಕ್ಕೂ ಇದರಲ್ಲಿ ಪಾಲಿತ್ತು. ದಿನಕ್ಕಿಷ್ಟು ಎಂದು ದಂಡ ಏರುತ್ತಲೇ ಹೋಗುತ್ತಿತ್ತು, ಮಿತಿಯೇ ಇರಲಿಲ್ಲ. ದಸರಾ ರಜೆಯಲ್ಲಿ ಊರಿಗೆ ಒಯ್ದು ಮರೆತವನಿಗೆ ವಾಪಸು ಬರುವ ಹೊತ್ತಿಗೆ ದಂಡ ಪುಸ್ತಕದ ಬೆಲೆ ದಾಟಿರುತ್ತಿತ್ತು. ಅಂಥವನು ಗ್ರಂಥಾಲಯದ ಕಡೆಗೆ ತಲೆ ಹಾಕುವುದನ್ನೇ ಬಿಡುತ್ತಿದ್ದ. ಕೊನೆಯ ವರ್ಷ ಹಾಲ್ ಟಿಕೆಟಿಗೆ ನೋ ಡ್ಯೂ ಬೇಕಾದಾಗ ಬಂದು ಕಳೆದುಹೋಯಿತು ಎಂದು ಬರೆದುಕೊಟ್ಟು, ಪುಸ್ತಕದ ಬೆಲೆ ಕಟ್ಟಿ ಹೋಗುತ್ತಿದ್ದ. ಪುಸ್ತಕ ಮನೆಯ ಅಟ್ಟದ ಮೇಲೇ ಇರುತ್ತಿತ್ತು.

ಎರಡು, ಮಹಡಿಯ ಹಳೆಯ ಸಂಗ್ರಹ. ಸಂಖ್ಯೆಯಲ್ಲಿ ಬೆರಳೆಣಿಕೆ, ಮೌಲ್ಯದಲ್ಲಿ ಉಳಿದೆಲ್ಲವನ್ನೂ ಮೀರಿಸಿದ್ದು. ಇದರ ಜಾಡು ಸಿಕ್ಕಿದ್ದು ಕ್ಯಾಮರಾದಲ್ಲಿ ಅಲ್ಲ, ಕಚೇರಿಯ ಹಳೆಯ ರಸೀದಿ ಪುಸ್ತಕಗಳಲ್ಲಿ.

ರಸೀದಿ ಪುಸ್ತಕ

“ಕಳೆದ ಪುಸ್ತಕದ ಬಾಬ್ತು” ಎಂದು ಹರಿದ ರಸೀದಿಗಳನ್ನು ಗ್ರಂಥಪಾಲಕಿ ಪಟ್ಟಿಗೆ ತಾಳೆ ಹಾಕುತ್ತಿದ್ದರು. ಪಠ್ಯಪುಸ್ತಕಗಳ ನಡುವೆ ಒಂದು ರಸೀದಿ ಕಣ್ಣಿಗೆ ಬಿತ್ತು. ಎಪಿಗ್ರಾಫಿಯಾ ಕರ್ನಾಟಿಕದ ಒಂದು ಸಂಪುಟ ಕಳೆದುಹೋಗಿದೆ, ಬೆಲೆಯ ಎರಡು ಪಟ್ಟು ವಸೂಲಾಗಿದೆ. ರಿಜಿಸ್ಟರಿನಲ್ಲಿದ್ದ ಬೆಲೆ ದಾನ ಬಂದ ಕಾಲದಲ್ಲಿ ಯಾರೋ ಅಂದಾಜಿಗೆ ಬರೆದದ್ದು. ಅದರ ಎರಡು ಪಟ್ಟು ಎಂದರೂ ಇವತ್ತು ಒಂದು ಊಟದ ದುಡ್ಡು. ಹುಡುಕುತ್ತ ಹೋದಂತೆ ಇಂಥವೇ ಇನ್ನಷ್ಟು ಸಿಕ್ಕವು. ಎರವಲು ಪಡೆದ ಹೆಸರುಗಳು ಬೇರೆಬೇರೆ, ಕೆಲವರು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು. ಬಿ.ಕಾಂ. ಹುಡುಗನಿಗೆ ಶಾಸನ ಸಂಪುಟ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಆಗ ಕೌಂಟರಿನಲ್ಲಿದ್ದವರಿಗೆ ಬರಲಿಲ್ಲ.

ಅಂದರೆ ಪುಸ್ತಕ ಮುಂಬಾಗಿಲಿನಿಂದಲೇ, ಮೊಹರು ಬಿದ್ದ ದಾಖಲೆಯೊಂದಿಗೇ ಹೊರಗೆ ಹೋಗಿತ್ತು. ಯಾರದೋ ಕಾರ್ಡಿನಲ್ಲಿ ತೆಗೆಸಿ, ಕಳೆದುಹೋಯಿತು ಎಂದು ಹೇಳಿಸಿ, ನೂರಿನ್ನೂರು ಕಟ್ಟಿಸಿದರೆ ಅಪರೂಪದ ಸಂಪುಟ ಕೈಗೆ ಬರುತ್ತಿತ್ತು. ಗ್ರಂಥಾಲಯದ ನಿಯಮವೇ ಅದನ್ನು ಮಾರಿದಂತಿತ್ತು. ಗ್ರಿಲ್ಲು, ಕ್ಯಾಮರಾ ಎರಡೂ ಇದರ ಮುಂದೆ ಏನೂ ಮಾಡಲಾರವು.

ಇಲ್ಲಿ ಎರಡನೆಯ ದೊಡ್ಡ ತೀರ್ಮಾನ ಎದುರಾಯಿತು. ಆಡಳಿತ ಮಂಡಳಿಯ ಕೆಲವರು ಪೊಲೀಸ್ ದೂರು ಕೊಡಬೇಕು ಎಂದರು. ಇಂಥವರೇ ಇರಬೇಕು ಎಂದು ಹಳೆಯ ವಿದ್ಯಾರ್ಥಿಯೊಬ್ಬರ ಹೆಸರೂ ಸಭೆಯಲ್ಲಿ ಓಡಾಡಿತು. ಗ್ರಂಥಪಾಲಕಿ ಒಪ್ಪಲಿಲ್ಲ. ಎರವಲು ಪಡೆದವರು ಬೇರೆ, ದುಡ್ಡು ಕಟ್ಟಿದ್ದಕ್ಕೆ ನಮ್ಮದೇ ರಸೀದಿ ಇದೆ, ಊಹೆಯ ಮೇಲೆ ಹೆಸರು ಬರೆದುಕೊಟ್ಟರೆ ನಾಳೆ ಕಾಲೇಜೇ ಉತ್ತರ ಹೇಳಬೇಕಾಗುತ್ತದೆ ಎಂಬುದು ಅವರ ವಾದ. ಆ ಹೆಸರನ್ನು ನಡಾವಳಿಯಲ್ಲಿ ಸೇರಿಸಬಾರದು ಎಂದೂ ಪಟ್ಟು ಹಿಡಿದರು. ನನಗೆ ಇದು ಸರಿ ಎನಿಸಿತು, ಈಗಲೂ ಹಾಗೇ ಅನಿಸುತ್ತದೆ. ಅದೇ ವೇಳೆ ಕಳೆದ ಸಂಪುಟಗಳ ವಿವರ, ನಮ್ಮ ಮೊಹರು ಎಲ್ಲೆಲ್ಲಿ ಇರುತ್ತದೆ ಎಂಬ ಮಾಹಿತಿಯನ್ನು ಜಿಲ್ಲೆಯ ಹಳೆ ಪುಸ್ತಕದ ವ್ಯಾಪಾರಿಗಳಿಗೂ ಸಂಶೋಧಕರಿಗೂ ಕಳಿಸಿದರು.

ಮೊಹರಿನ ವಿಷಯ ಬಂದಾಗ ಇನ್ನೊಂದು ದೌರ್ಬಲ್ಯ ಗೊತ್ತಾಯಿತು. ಮಹಡಿಯ ಪುಸ್ತಕಗಳಲ್ಲಿ ಮೊಹರು ಇದ್ದದ್ದು ಶೀರ್ಷಿಕೆ ಪುಟದಲ್ಲಿ ಮಾತ್ರ. ಆ ಒಂದು ಪುಟ ತೆಗೆದರೆ ಪುಸ್ತಕ ಅನಾಥ. ಅದಕ್ಕೇ ನಮ್ಮ ಹಿರಿಯರು ಗುಟ್ಟಿನ ಪುಟ ಎಂದು ಒಂದನ್ನು ಗೊತ್ತುಮಾಡಿ, ಎಲ್ಲ ಪುಸ್ತಕಗಳ ಅದೇ ಪುಟದಲ್ಲಿ ಮೊಹರು ಒತ್ತುತ್ತಿದ್ದದ್ದು. ಈ ಕಾಲೇಜಿನಲ್ಲಿ ಖರೀದಿ ಪುಸ್ತಕಗಳಿಗೆ ಅದನ್ನು ಮಾಡಿದ್ದರು, ದಾನದ ಪುಸ್ತಕಗಳಿಗೆ ಬಿಟ್ಟಿದ್ದರು.

ಒಳಗಿನವರ ಮೇಲೂ ಅನುಮಾನ ಬಂದೇ ಬರುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಗ್ರಂಥಾಲಯದ ಅಪರೂಪದ ಪುಸ್ತಕಗಳ ಕೋಣೆಯಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಪುಸ್ತಕ, ನಕ್ಷೆಗಳು ಸೋರಿದ್ದು ಬಯಲಾದದ್ದು 2017ರಲ್ಲಿ, ವಿಮೆಗಾಗಿ ಮೌಲ್ಯಮಾಪನಕ್ಕೆ ಬಂದವರು ಎಣಿಸಿದಾಗ. ತೆಗೆದವರು ಆ ಕೋಣೆಯ ಹೊಣೆ ಹೊತ್ತವರೇ. ನಮ್ಮ ಪ್ರಕರಣದಲ್ಲಿ ಸಿಬ್ಬಂದಿಯ ಕೈವಾಡ ತೋರಿಸುವಂಥದ್ದು ಏನೂ ಸಿಗಲಿಲ್ಲ. ಆದರೂ ಹೊಸ ವ್ಯವಸ್ಥೆಯಲ್ಲಿ ಮಹಡಿಯ ಬೀಗದ ಕೈ ಒಬ್ಬರ ಬಳಿ, ಅಲ್ಲಿನ ದಾಖಲೆ ಪುಸ್ತಕ ಇನ್ನೊಬ್ಬರ ಬಳಿ ಎಂದು ಮಾಡಿದರು. ಅಟೆಂಡರಿಗೆ ಮೊದಲು ಬೇಸರವಾಯಿತು, “ನನ್ ಮೇಲೆ ಡೌಟಾ ಮೇಡಂ?” ಎಂದರು. “ನನ್ನ ಮೇಲೂ ಸೇರಿಸಿಯೇ ಬರೆದಿದ್ದೀನಿ, ನೋಡಿ” ಎಂದು ಗ್ರಂಥಪಾಲಕಿ ನಿಯಮದ ಕಾಗದ ತೋರಿಸಿದರು.

ಬದಲಾಯಿಸಿದ್ದು

ಎಲ್ಲಕ್ಕಿಂತ ಮೊದಲು ಬೇಕಾಗಿದ್ದು ಹೆದರಿಕೆ ಕಡಿಮೆಯಾಗುವುದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳ ಕುರಿತದ್ದು. ವರ್ಷದಲ್ಲಿ ಎರವಲು ಹೋದ ಅಥವಾ ಓದಿಗೆ ಬಳಸಿದ ಪ್ರತಿ 1000 ಪುಸ್ತಕಕ್ಕೆ 5 ಪುಸ್ತಕದ ನಷ್ಟವನ್ನು ಸಹಜ ಎಂದು ಅದು ಒಪ್ಪುತ್ತದೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. 1000 ರೂಪಾಯಿಗಿಂತ ಹೆಚ್ಚಿನ ಪುಸ್ತಕ, ಮತ್ತು ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಹೋದರೆ ತನಿಖೆ ಆಗಲೇಬೇಕು ಎನ್ನುತ್ತದೆ. 20,000ದಿಂದ 50,000 ಪುಸ್ತಕಗಳಿರುವ ಕಡೆ ಮೂರು ವರ್ಷಕ್ಕೊಮ್ಮೆಯಾದರೂ ಎಣಿಕೆ ನಡೆಯಬೇಕು. ಇದು ಅನುದಾನಿತ ಕಾಲೇಜಿಗೆ ನೇರವಾಗಿ ಅನ್ವಯಿಸುವಂಥದ್ದಲ್ಲ. ಆದರೆ ಆಡಳಿತ ಮಂಡಳಿ ಇದನ್ನೇ ತನ್ನ ನಿಯಮ ಎಂದು ಠರಾವು ಮಾಡಿತು, ನಿವೃತ್ತ ಗ್ರಂಥಪಾಲಕರ ಕಾಗದವೂ ಅದರಡಿ ಬಿಡುಗಡೆಯಾಯಿತು. ಗ್ರಿಲ್ ತೆಗೆಯುವ ಪ್ರಸ್ತಾಪವನ್ನು ಗ್ರಂಥಪಾಲಕಿ ಬಾಯಿಬಿಟ್ಟು ಆಡಿದ್ದು ಈ ಠರಾವಾದ ಮೇಲೆಯೇ.

ಕೆಳಗಿನ ಕಪಾಟುಗಳು ಪೂರ್ತಿ ತೆರೆದವು. ಕೌಂಟರನ್ನು ಬಾಗಿಲಿಗೆ ಮುಖ ಮಾಡಿ ತಿರುಗಿಸಿದರು, ಇಷ್ಟು ವರ್ಷ ಅದು ಗೋಡೆ ನೋಡುತ್ತಿತ್ತು. ಹಿಂದಿನ ಕಿಟಕಿಗಳಿಗೆ ಜಾಲರಿ ಹಾಕಿದರು, ಪುಸ್ತಕವನ್ನು ಕಿಟಕಿಯಿಂದ ಕೆಳಗೆ ನಿಂತ ಗೆಳೆಯನಿಗೆ ಎಸೆಯುವುದು ನಮ್ಮ ಕಾಲೇಜುಗಳ ಹಳೆಯ ವಿದ್ಯೆ. ಬ್ಯಾಗುಗಳನ್ನು ಹೊರಗಿಡುವ ನಿಯಮ ಉಳಿಯಿತು. ಹುಡುಗಿಯರ ಕೈಚೀಲ ತೆಗೆಸಿ ನೋಡಬೇಕೆಂಬ ಸಲಹೆಯನ್ನು ಕೈಬಿಟ್ಟರು. ಹೊರಡುವಾಗ ಪುಸ್ತಕದ ದಿನಾಂಕ ಚೀಟಿ ತೋರಿಸಿದರೆ ಸಾಕು, ಅಧ್ಯಾಪಕರೂ ತೋರಿಸಬೇಕು.

ಬೇಡಿಕೆಯ ಪುಸ್ತಕಗಳಿಗೆ ಪ್ರತಿಗಳನ್ನು ಹೆಚ್ಚಿಸಿದರು. ಪ್ರತಿ ಶೀರ್ಷಿಕೆಯ ಒಂದು ಪ್ರತಿ ಓದುವ ಹಾಲಿನಲ್ಲೇ ಇರುತ್ತದೆ, ಸಂಜೆ ಬಾಗಿಲು ಹಾಕುವ ಮುನ್ನ ಅದನ್ನು ರಾತ್ರಿಗೆ ಒಯ್ದು ಬೆಳಿಗ್ಗೆ ಮೊದಲ ಗಂಟೆಗೆ ತರಬಹುದು. ಜನಗಣತಿ ವರದಿಗಳ ಹಿಂದೆ ಮುಚ್ಚಿಡುವ ಅಗತ್ಯ ಇದರಿಂದ ಬಹುಮಟ್ಟಿಗೆ ಹೋಯಿತು. ಕೌಂಟರಿನ ಪಕ್ಕ ಮೊಬೈಲಿನಲ್ಲಿ ಪುಟದ ಫೋಟೊ ತೆಗೆಯಲು ಬೆಳಕಿರುವ ಒಂದು ಮೇಜು ಇಟ್ಟು, ಓದಿಗೆ ಬೇಕಾದಷ್ಟು ಪುಟ ತೆಗೆದುಕೊಳ್ಳಿ ಎಂದು ಬರೆದರು. ಬ್ಲೇಡಿನ ಕೆಲಸ ಕಡಿಮೆಯಾದದ್ದು ಈ ಮೇಜಿನಿಂದ. ಸ್ಪರ್ಧಾ ಪರೀಕ್ಷೆಯ ಮಾಸಪತ್ರಿಕೆಗಳ ಪುಟ ಮಾತ್ರ ಈಗಲೂ ಹರಿಯುತ್ತದೆ. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ.

ದಂಡಕ್ಕೆ ಪುಸ್ತಕದ ಬೆಲೆಯ ಮಿತಿ ಬಂತು. ಒಂದು ತಿಂಗಳು ದಂಡವಿಲ್ಲ, ಪ್ರಶ್ನೆಯೂ ಇಲ್ಲ ಎಂದು ಸಾರಿ, ಗ್ರಂಥಾಲಯದ ಹೊರಗಿನ ಮೆಟ್ಟಿಲ ಕೆಳಗೆ, ಕ್ಯಾಮರಾ ಕಾಣದ ಜಾಗದಲ್ಲಿ, ಒಂದು ಮರದ ಪೆಟ್ಟಿಗೆ ಇಟ್ಟರು. ಕ್ಯಾಮರಾ ಕಾಣದ ಜಾಗ ಎಂಬುದಕ್ಕೆ ಪ್ರಿನ್ಸಿಪಾಲರು ತಕರಾರು ಎತ್ತಿದ್ದರು. ಪೆಟ್ಟಿಗೆಯಲ್ಲಿ ಬಿದ್ದದ್ದು ನೋಡಿ ಸುಮ್ಮನಾದರು. ಪಟ್ಟಿಯಲ್ಲಿದ್ದವು ಬಂದವು. ಪಟ್ಟಿಯಲ್ಲಿ ಇಲ್ಲದ, ಅಂದರೆ ಹಳೆಯ ಎಣಿಕೆಯಲ್ಲೇ ರದ್ದಾಗಿದ್ದ ಪುಸ್ತಕಗಳೂ ಬಂದವು. ಪಕ್ಕದ ಊರಿನ ಸಾರ್ವಜನಿಕ ಗ್ರಂಥಾಲಯದ ಮೊಹರಿದ್ದ ಕಾದಂಬರಿಗಳೂ ಇದ್ದವು, ಅವನ್ನು ಅಲ್ಲಿಗೆ ಮುಟ್ಟಿಸಿದರು. ಒಂದು ನಿಘಂಟಿನ ಒಳಹಾಳೆಯಲ್ಲಿ “ತಡವಾಗಿದ್ದಕ್ಕೆ ಕ್ಷಮಿಸಿ, ಮೇಷ್ಟ್ರಾಗಿದ್ದೇನೆ” ಎಂದು ಬರೆದಿತ್ತು.

ಮಹಡಿಯ ಸಂಗ್ರಹ ಮಾತ್ರ ಬೇರೆ ಹಾದಿ ಹಿಡಿಯಿತು. ಅದನ್ನು ಎರವಲು ಕೊಡುವುದೇ ಇಲ್ಲ, ಅಲ್ಲೇ ಕೂತು ಓದಬೇಕು, ಯಾರು ಯಾವ ಸಂಪುಟ ನೋಡಿದರು ಎಂಬುದು ದಾಖಲಾಗುತ್ತದೆ. ಕಳೆದುಹೋದರೆ ರಿಜಿಸ್ಟರಿನ ಬೆಲೆ ಎಂಬ ನಿಯಮ ಇಡೀ ಗ್ರಂಥಾಲಯಕ್ಕೇ ರದ್ದಾಯಿತು: ಅದೇ ಪುಸ್ತಕ ತಂದುಕೊಡಬೇಕು, ಇಲ್ಲವೇ ಇವತ್ತಿನ ಬೆಲೆ. ಮುಚ್ಚಿದ ಸಂಗ್ರಹ ಓದುಗರಿಗೆ ದೂರವಾಗದಂತೆ ಮಾಡಿದ ಉಪಾಯ ಸರಳ. ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ರೈಸ್ 1927ರಲ್ಲಿ. ಲೇಖಕರು ತೀರಿಕೊಂಡ 60 ವರ್ಷಗಳ ನಂತರ ನಮ್ಮಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಇಂಥ ಹಲವು ಕೃತಿಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಅವನ್ನು ಇಳಿಸಿ ಕೌಂಟರಿನ ಕಂಪ್ಯೂಟರಿನಲ್ಲಿಟ್ಟರು, ಯಾರು ಬಂದರೂ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ. ಎಲ್ಲೂ ಸಿಗದ ಸ್ಥಳೀಯ ಪುಸ್ತಕಗಳನ್ನು, ಹಕ್ಕು ಮುಗಿದವುಗಳನ್ನಷ್ಟೇ, ತಾವೇ ಸ್ಕ್ಯಾನ್ ಮಾಡತೊಡಗಿದರು. ಮೂಲ ಸಂಪುಟ ಕೇಳುವವರು ಈಗ ಕಡಿಮೆ, ಕೇಳಿದವರಿಗೆ ಸಿಗುತ್ತದೆ.

ಖರೀದಿಸದೆ ಬಿಟ್ಟದ್ದನ್ನೂ ಹೇಳಬೇಕು. ಆರ್‌ಎಫ್‌ಐಡಿ ಗೇಟಿನ ಕಂಪನಿಯವರು ಬಂದು ಪ್ರದರ್ಶನ ಕೊಟ್ಟಿದ್ದರು. ಪ್ರತಿ ಪುಸ್ತಕಕ್ಕೆ ಒಂದು ತೆಳು ಟ್ಯಾಗು, 13.56 ಮೆಗಾಹರ್ಟ್ಜ್‌ನ ರೇಡಿಯೊ ತರಂಗದಲ್ಲಿ ಗೇಟು ಅದನ್ನು ಓದುತ್ತದೆ, ಎರವಲಾಗದ ಪುಸ್ತಕ ದಾಟಿದರೆ ಕೂಗುತ್ತದೆ. ಗ್ರಂಥಪಾಲಕಿ ಕೇಳಿದ್ದು ಒಂದೇ ಪ್ರಶ್ನೆ: ಕೂಗಿದಾಗ ಎದ್ದು ಹೋಗುವವರು ಯಾರು? ಇರುವ ಇಬ್ಬರಲ್ಲಿ ಒಬ್ಬರು ಕಪಾಟಿನ ನಡುವೆ, ಇನ್ನೊಬ್ಬರು ಕೌಂಟರಿನ ಸಾಲಿನ ಹಿಂದೆ. ಟ್ಯಾಗನ್ನು ಕಿತ್ತು ಹಾಕಬಹುದು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದರೂ ಗೇಟಿಗೆ ಅದು ಕಾಣದು. ಲಕ್ಷಗಟ್ಟಲೆ ಪುಸ್ತಕಗಳ ವಿಶ್ವವಿದ್ಯಾಲಯಕ್ಕೆ ಆರ್‌ಎಫ್‌ಐಡಿ ಲಾಭವೇ, ಅಲ್ಲಿ ಕಪಾಟಿನ ಮುಂದೆ ಕೈಯಂತ್ರ ಹಿಡಿದು ನಡೆದರೆ ಎಣಿಕೆ ಬೇಗ ಮುಗಿಯುತ್ತದೆ. ಈ ಕಾಲೇಜು ಆ ಮೊತ್ತದ ಒಂದು ಪಾಲನ್ನು ಹೆಚ್ಚುವರಿ ಪ್ರತಿಗಳಿಗೆ, ಇನ್ನೊಂದು ಪಾಲನ್ನು ಸಂಜೆ ಹೊತ್ತಿನ ತಾತ್ಕಾಲಿಕ ಸಹಾಯಕರೊಬ್ಬರ ಗೌರವಧನಕ್ಕೆ ಹಾಕಿತು.

ಏನಾಯಿತು

ಮುಂದಿನ ಎಣಿಕೆಯಲ್ಲಿ ಹೊಸ ನಷ್ಟ ಠರಾವಿನ ಮಿತಿಯೊಳಗೇ ಇತ್ತು. ಎರವಲು ಗ್ರಿಲ್‌ಗೆ ಮುಂಚಿನ ಮಟ್ಟಕ್ಕೆ ಹತ್ತಿರ ಬಂದಿದೆ, ಮುಟ್ಟಿಲ್ಲ. ಎರಡು ಸೆಮಿಸ್ಟರ್ ದೂರವಾದ ಓದುಗರಲ್ಲಿ ಕೆಲವರು ಮರಳಲೇ ಇಲ್ಲ, ಆ ತಂಡ ಪದವಿ ಮುಗಿಸಿ ಹೋಯಿತು. ಸಂಜೆಯ ವೇಳೆ ಒಂದು ವರ್ಷ ನಡೆದು, ಗೌರವಧನ ನಿಂತ ಮೇಲೆ ನಿಂತಿತು. ಅದರ ಮರುವರ್ಷ ಪರೀಕ್ಷಾ ಕೈಪಿಡಿಗಳು ಮತ್ತೆ ಕಾಣೆಯಾಗತೊಡಗಿದವು ಎಂಬುದನ್ನು ಗ್ರಂಥಪಾಲಕಿ ಆಡಳಿತ ಮಂಡಳಿಗೆ ಬರೆದು ತಿಳಿಸಿದ್ದಾರೆ. ಮಹಡಿಯಿಂದ ಹೋದ ಸಂಪುಟಗಳಲ್ಲಿ ಒಂದೂ ವಾಪಸು ಬಂದಿಲ್ಲ.

ಪೂರ್ತಿ ಎಣಿಕೆಗೆ ಮೂರು ವರ್ಷ ಕಾಯದೆ, ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಒಂದು ಕಪಾಟನ್ನು ನಂಬರಿನ ಕ್ರಮದಲ್ಲಿ ಓದಿ ಸರಿಪಡಿಸುವ ರೂಢಿ ಈಗ ಇದೆ. ತಪ್ಪು ಜಾಗದಲ್ಲಿಟ್ಟ, ಹಿಂದೆ ಅಡಗಿಸಿಟ್ಟ ಪುಸ್ತಕ ಆವಾಗಲೇ ಸಿಗುತ್ತದೆ. ಬೇರೆ ಕಾಲೇಜುಗಳವರು ನನ್ನನ್ನು ಕೇಳಿದಾಗ, ಗೇಟಿನ ಕೊಟೇಶನ್ ತರಿಸುವ ಮೊದಲು “ಕಳೆದ ಪುಸ್ತಕದ ಬಾಬ್ತು” ರಸೀದಿಗಳನ್ನು ಒಂದು ಸಲ ತೆಗೆದು ನೋಡಿ ಎನ್ನುತ್ತೇನೆ. ಅದಕ್ಕೆ ಖರ್ಚಿಲ್ಲ, ಧೂಳು ಮಾತ್ರ.

ಉಳಿದದ್ದು ಅಧ್ಯಾಪಕರ ವಿಷಯ. ಪಟ್ಟಿಯ ದೊಡ್ಡದೊಂದು ಪಾಲು ಅವರ ಹೆಸರಿನಲ್ಲಿತ್ತು. ಕೆಲವು ವಿಭಾಗದ ಬೀರುವಿನಲ್ಲಿ, ಕೆಲವು ಮನೆಯಲ್ಲಿ, ಕೆಲವು ವರ್ಗವಾಗಿ ಹೋದವರ ಜೊತೆ ಬೇರೆ ಊರಿನಲ್ಲಿ. ವಿದ್ಯಾರ್ಥಿಗಳಿಗೆ ಹದಿನಾಲ್ಕು ದಿನ, ಅಧ್ಯಾಪಕರಿಗೆ ಅವಧಿಯೇ ಇರಲಿಲ್ಲ. ವರ್ಷಕ್ಕೊಮ್ಮೆ ಪುಸ್ತಕ ತಂದು ತೋರಿಸಿ ನವೀಕರಿಸಿಕೊಳ್ಳಬೇಕು ಎಂಬ ಕರಡು ನಿಯಮವನ್ನು ಗ್ರಂಥಪಾಲಕಿ ಸಭೆಯಲ್ಲಿಟ್ಟರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಪ್ರಾಧ್ಯಾಪಕರೊಬ್ಬರು, “ಮೇಡಂ, ನಮ್ಮನ್ನೂ ಹುಡುಗರ ಹಾಗೇ ನೋಡ್ತೀರಲ್ಲ” ಎಂದರು. ಕಾಲೇಜು ಬಿಡುವಾಗ ನೋ ಡ್ಯೂ ಕೊಡುವ ಮುನ್ನ ಪುಸ್ತಕ ಎಣಿಸಬೇಕು ಎಂಬಷ್ಟಕ್ಕೆ ಒಪ್ಪಿಗೆ ಸಿಕ್ಕಿತು. ವಾರ್ಷಿಕ ನವೀಕರಣದ ಕರಡು ಇನ್ನೂ ಪ್ರಿನ್ಸಿಪಾಲರ ಮೇಜಿನ ಮೇಲಿದೆ.